ತಪ್ಪು ಉತ್ತರವನ್ನು ಓದುವುದು ಹೇಗೆ: ತರಗತಿಯಲ್ಲಿ ಕಲಿಕೆಯ ಮೌಲ್ಯಮಾಪನಕ್ಕೊಂದು ಕೈಪಿಡಿ

403ರಿಂದ 178ನ್ನು ಕಳೆಯುವ ಲೆಕ್ಕಕ್ಕೆ ಮೂವರು ಮಕ್ಕಳು ಮೂರು ಉತ್ತರ ಬರೆದಿದ್ದಾರೆ ಎಂದುಕೊಳ್ಳೋಣ. ಒಂದು ಪುಸ್ತಕದಲ್ಲಿ 375, ಇನ್ನೊಂದರಲ್ಲಿ 325, ಮತ್ತೊಂದರಲ್ಲಿ 235 ಇದೆ. ಸರಿಯಾದ ಉತ್ತರ 225. ಮೂರೂ ತಪ್ಪು, ಅಂಕಪಟ್ಟಿಯಲ್ಲಿ ಮೂವರಿಗೂ ಸೊನ್ನೆ. ಆದರೆ ಆ ಪುಸ್ತಕಗಳನ್ನು ಹತ್ತಿರದಿಂದ ನೋಡಿದರೆ ಮೂವರ ಸ್ಥಿತಿಯೂ ಬೇರೆ ಬೇರೆ ಎಂಬುದು ಕಾಣುತ್ತದೆ. 375 ಬರೆದ ಮಗು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ: 8ರಿಂದ 3, 7ರಿಂದ 0, 4ರಿಂದ 1. ಮೇಲೆ ಯಾವುದಿದೆ, ಕೆಳಗೆ ಯಾವುದಿದೆ ಎಂಬುದು ಅದಕ್ಕೆ ಮುಖ್ಯವಾಗಿಲ್ಲ. 325 ಬರೆದ ಮಗುವಿಗೆ ದಶಕ ಪಡೆಯುವುದು ಗೊತ್ತು. ಅದು ನಡುವಿನ ಸೊನ್ನೆಯನ್ನು 9 ಮಾಡಿಕೊಂಡಿದೆ, ಆದರೆ ಆ ದಶಕಗಳು ನೂರರ ಸ್ಥಾನದಿಂದ ಬಂದವು ಎಂಬುದನ್ನು ಮರೆತು 4ನ್ನು 4 ಆಗಿಯೇ ಉಳಿಸಿದೆ. 235 ಬರೆದ ಮಗುವಿಗೆ ವಿಧಾನ ಪೂರ್ತಿ ತಿಳಿದಿದೆ. 9ರಿಂದ 7 ಕಳೆಯುವಾಗ ಕೈತಪ್ಪಿ 3 ಬರೆದಿದೆ, ಅಷ್ಟೇ.

ಮೊದಲನೆಯ ಮಗುವಿಗೆ ಸ್ಥಾನಬೆಲೆಯನ್ನು ಕಟ್ಟು ಮತ್ತು ಬಿಡಿ ಕಡ್ಡಿಗಳ ಮೂಲಕ ಹೊಸದಾಗಿ ಕಲಿಸಬೇಕು. ಎರಡನೆಯದಕ್ಕೆ ಸೊನ್ನೆಯಿರುವ ಸಂಖ್ಯೆಗಳಲ್ಲಿ ದಶಕ ಪಡೆಯುವ ಹಂತವೊಂದನ್ನು ತೋರಿಸಿದರೆ ಸಾಕು. ಮೂರನೆಯದಕ್ಕೆ ಉತ್ತರವನ್ನು ಕೂಡಿಸಿ ತಾಳೆ ನೋಡುವ ಅಭ್ಯಾಸ ಬೇಕು, ಮರುಬೋಧನೆ ಬೇಡ. ಮಕ್ಕಳ ಇಂಥ ತಪ್ಪುಗಳು ಮನಬಂದಂತೆ ಬರುವುದಿಲ್ಲ, ಅವುಗಳ ಹಿಂದೆ ಒಂದು ಸ್ಥಿರವಾದ ಕ್ರಮವಿರುತ್ತದೆ ಎಂಬುದನ್ನು ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲಿ ವ್ಯವಕಲನದ ತಪ್ಪುಗಳನ್ನೇ ಹಿಡಿದು ವಿವರವಾಗಿ ತೋರಿಸಿದ್ದಾರೆ. ಮೌಲ್ಯಮಾಪನದ ಕೆಲಸವೆಂದರೆ ಮಗು ಎಷ್ಟು ಅಂಕಕ್ಕೆ ಅರ್ಹ ಎಂದು ತೀರ್ಮಾನಿಸುವುದಕ್ಕಿಂತ ಮುಂಚೆ, ಅದು ಏನು ಯೋಚಿಸಿ ಹಾಗೆ ಬರೆಯಿತು ಎಂಬುದನ್ನು ಕಂಡುಕೊಳ್ಳುವುದು ಎಂದು ನಾನು ದೃಢವಾಗಿ ನಂಬಿದ್ದೇನೆ; ಈ ಬರಹದಲ್ಲಿ ಮುಂದೆ ಹೇಳುವ ಕ್ರಮಗಳೆಲ್ಲ ಆ ನಂಬಿಕೆಯಿಂದಲೇ ಹೊರಟಿವೆ.

ಎರಡು ಬಗೆಯ ಮೌಲ್ಯಮಾಪನಗಳ ವ್ಯತ್ಯಾಸವನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ಕಲಿಕೆ ನಡೆಯುತ್ತಿರುವಾಗಲೇ ಅದನ್ನು ತಿದ್ದುವ ಸಲುವಾಗಿ ಮಾಡುವುದು ರೂಪಣಾತ್ಮಕ; ಒಂದು ಘಟಕವೋ ಅವಧಿಯೋ ಮುಗಿದ ಮೇಲೆ ಎಷ್ಟು ಕಲಿಕೆಯಾಗಿದೆ ಎಂದು ನಿರ್ಣಯಿಸಲು ಮಾಡುವುದು ಸಂಕಲನಾತ್ಮಕ. ಈ ಜೋಡಿ ಪದಗಳನ್ನು 1967ರಲ್ಲಿ ಮೈಕೆಲ್ ಸ್ಕ್ರಿವೆನ್ ಪಠ್ಯಕ್ರಮಗಳ ಮೌಲ್ಯಮಾಪನವನ್ನು ಕುರಿತು ಬಳಸಿದರು. ಅನಂತರ ಬೆಂಜಮಿನ್ ಬ್ಲೂಮ್ ಅವನ್ನು ವಿದ್ಯಾರ್ಥಿಗಳ ಕಲಿಕೆಗೆ ಅನ್ವಯಿಸಿದರು. ಪರೀಕ್ಷೆಯ ರೂಪವನ್ನು ನೋಡಿ ಅದು ಯಾವ ಬಗೆಯದು ಎಂದು ಹೇಳಲಾಗದು. ಹತ್ತು ಅಂಕದ ಕಿರುಪರೀಕ್ಷೆಯ ಫಲಿತಾಂಶವನ್ನು ದಾಖಲಿಸಿ ಮುಂದಿನ ಪಾಠಕ್ಕೆ ಹೋದರೆ ಅದು ಸಂಕಲನಾತ್ಮಕವೇ ಆಯಿತು. ಅದೇ ಫಲಿತಾಂಶವನ್ನು ನೋಡಿ ನಾಳಿನ ಪಾಠವನ್ನು ಬದಲಿಸಿದರೆ ಮಾತ್ರ ಅದು ರೂಪಣಾತ್ಮಕ.

ಏನನ್ನು ಅಳೆಯಬೇಕೆಂದು ಮೊದಲೇ ನಿಶ್ಚಯಿಸಿ

ಪಾಠ ಆರಂಭಿಸುವ ಮುನ್ನವೇ ಕಲಿಕಾ ಫಲವನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ, ಮತ್ತು ಆ ವಾಕ್ಯದ ಕ್ರಿಯಾಪದ ಕಣ್ಣಿಗೆ ಕಾಣುವಂಥದ್ದಾಗಿರಲಿ. ‘ದ್ಯುತಿಸಂಶ್ಲೇಷಣೆಯನ್ನು ಅರ್ಥಮಾಡಿಕೊಳ್ಳುವನು’ ಎಂದು ಬರೆದರೆ ಅರ್ಥವಾಯಿತೋ ಇಲ್ಲವೋ ಎಂಬುದನ್ನು ನೋಡುವ ದಾರಿಯೇ ಇರುವುದಿಲ್ಲ. ‘ಕತ್ತಲೆಯಲ್ಲಿಟ್ಟ ಸಸ್ಯ ಸೊರಗುವುದೇಕೆ ಎಂಬುದಕ್ಕೆ ಕಾರಣ ಕೊಡುವಳು’ ಎಂದು ಬರೆದರೆ, ಯಾವ ಪ್ರಶ್ನೆ ಕೇಳಬೇಕು, ಯಾವ ಉತ್ತರವನ್ನು ಸಾಕ್ಷ್ಯವೆಂದು ಒಪ್ಪಬೇಕು ಎಂಬುದು ಅಲ್ಲೇ ತಿಳಿದುಬಿಡುತ್ತದೆ. ಬ್ಲೂಮ್ ಮತ್ತು ಅವರ ಸಹೋದ್ಯೋಗಿಗಳು 1956ರಲ್ಲಿ ರೂಪಿಸಿದ, 2001ರಲ್ಲಿ ಪರಿಷ್ಕೃತಗೊಂಡ ವರ್ಗೀಕರಣವು ಸ್ಮರಿಸುವುದು, ಅರ್ಥೈಸಿಕೊಳ್ಳುವುದು, ಅನ್ವಯಿಸುವುದು, ವಿಶ್ಲೇಷಿಸುವುದು, ಮೌಲ್ಯೀಕರಿಸುವುದು, ಸೃಜಿಸುವುದು ಎಂಬ ಆರು ಹಂತಗಳನ್ನು ಹೇಳುತ್ತದೆ. ಪ್ರತಿ ಪಾಠಕ್ಕೂ ಆರನ್ನೂ ತುಂಬಲು ಹೊರಡುವುದು ವ್ಯರ್ಥ ಶ್ರಮ. ನಮ್ಮ ಪ್ರಶ್ನೆಗಳೆಲ್ಲ ಮೊದಲ ಹಂತದಲ್ಲೇ ನಿಂತುಹೋಗಿವೆಯೇ ಎಂದು ಪರೀಕ್ಷಿಸಿಕೊಳ್ಳಲು ಈ ವರ್ಗೀಕರಣ ಚೆನ್ನಾಗಿ ಒದಗುತ್ತದೆ.

ಇನ್ನೊಂದು ಎಚ್ಚರ: ಪ್ರಶ್ನೆಯು ತಾನು ಅಳೆಯಬೇಕಾದದ್ದನ್ನೇ ಅಳೆಯುತ್ತಿದೆಯೇ ಎಂದು ನೋಡಬೇಕು. ಇದನ್ನು ಸಪ್ರಮಾಣತೆ ಎನ್ನುತ್ತಾರೆ. ಭಿನ್ನರಾಶಿಯ ಲೆಕ್ಕವನ್ನು ಐದು ಸಾಲಿನ ಕ್ಲಿಷ್ಟ ವಾಕ್ಯದಲ್ಲಿ ಕೊಟ್ಟರೆ, ಓದಲು ತೊಡಕಿರುವ ಮಗು ಭಿನ್ನರಾಶಿ ಗೊತ್ತಿದ್ದೂ ಸೋಲುತ್ತದೆ, ಮತ್ತು ನಾವು ಅದಕ್ಕೆ ಗಣಿತ ಬರುವುದಿಲ್ಲವೆಂದು ಬರೆದಿಡುತ್ತೇವೆ. ಅಂಥ ಮಗುವಿಗೆ ಪ್ರಶ್ನೆಯನ್ನು ಓದಿ ಹೇಳುವುದು, ಬರೆಯಲು ಕಷ್ಟಪಡುವ ಮಗುವಿನಿಂದ ಮಾತಿನಲ್ಲಿ ಉತ್ತರ ಪಡೆಯುವುದು ರಿಯಾಯಿತಿಯಲ್ಲ. ಅಳತೆಯನ್ನು ಸರಿಪಡಿಸುವ ಕ್ರಮ.

ಪಾಠದ ನಡುವೆ ಕೇಳುವ ಪ್ರಶ್ನೆಗಳು

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಸಾಕು ಎಂಬ ಮಾತು ತರಗತಿಗೆ ಸಲ್ಲುವುದಿಲ್ಲ. ನನ್ನ ಬೋಧನೆಯ ಮೊದಲ ವರ್ಷಗಳಲ್ಲಿ ನಾನು ಪ್ರಶ್ನೆ ಕೇಳಿದೊಡನೆ ಕೈಗಳು ಮೇಲೇಳುತ್ತಿದ್ದವು, ಸರಿಯಾದ ಉತ್ತರ ಬರುತ್ತಿತ್ತು, ಪಾಠ ಎಲ್ಲರಿಗೂ ತಲುಪಿದೆಯೆಂಬ ಸಮಾಧಾನದಿಂದ ನಾನು ಮುಂದೆ ಸಾಗುತ್ತಿದ್ದೆ. ಒಂದು ವಾರ ಉತ್ತರ ಕೊಟ್ಟವರ ಹೆಸರುಗಳ ಮುಂದೆ ಗೆರೆ ಹಾಕಿಟ್ಟು ನೋಡಿದಾಗ, ಇಡೀ ವಾರ ಅದೇ ಐದಾರು ಮಕ್ಕಳೇ ಉತ್ತರಿಸಿದ್ದರು ಎಂಬುದು ಕಂಡಿತು. ಉಳಿದವರ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಈ ಗೆರೆ ಹಾಕುವ ಕೆಲಸವನ್ನು ಪ್ರತಿಯೊಬ್ಬ ಶಿಕ್ಷಕರೂ ಒಮ್ಮೆ ಮಾಡಿ ನೋಡಬೇಕೆಂದು ಕೋರುತ್ತೇನೆ.

ಇದಕ್ಕೆ ಪರಿಹಾರ ಸರಳ. ಪ್ರಶ್ನೆ ಕೇಳಿದ ಮೇಲೆ ಯಾರೂ ಕೈ ಎತ್ತಬಾರದೆಂಬ ನಿಯಮ ಮಾಡಿ, ಎಲ್ಲರೂ ಯೋಚಿಸಲು ಸಮಯ ಕೊಟ್ಟು, ಬಳಿಕ ಹೆಸರಿನ ಚೀಟಿಯನ್ನು ಎತ್ತಿ ಕೇಳಿ. ಉತ್ತರಕ್ಕಾಗಿ ಶಿಕ್ಷಕರು ಕಾಯುವ ಅವಧಿಯನ್ನು ಅಳೆದ ಮೇರಿ ಬಡ್ ರೋ ಅವರಿಗೆ, ಅದು ಸರಾಸರಿ ಸುಮಾರು 1 ಸೆಕೆಂಡ್ ಮಾತ್ರ ಎಂಬುದು ಕಂಡುಬಂದಿತು. ಆ ಕಾಯುವಿಕೆಯನ್ನು 3 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚಿಗೆ ವಿಸ್ತರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಉತ್ತರವೇ ಬಾರದ ಸಂದರ್ಭಗಳು ಕಡಿಮೆಯಾದವು. ಮೂರು ಸೆಕೆಂಡಿನ ಮೌನ ತರಗತಿಯಲ್ಲಿ ನಿಂತಾಗ ಬಹಳ ದೀರ್ಘವೆನಿಸುತ್ತದೆ. ಮನಸ್ಸಿನಲ್ಲೇ ಎಣಿಸಿಕೊಂಡು ಆ ಮೌನವನ್ನು ತಡೆದುಕೊಳ್ಳುವುದನ್ನು ರೂಢಿ ಮಾಡಿಕೊಳ್ಳಬೇಕು. ಮಗು ಉತ್ತರಿಸಿದ ಮೇಲೂ ಹಾಗೆಯೇ ಸ್ವಲ್ಪ ಕಾಯಬೇಕು. ‘ಸರಿ’ ಎಂದು ತಕ್ಷಣ ಹೇಳಿಬಿಟ್ಟರೆ ಉಳಿದವರ ಯೋಚನೆ ಅಲ್ಲಿಗೇ ಕೊನೆಗೊಳ್ಳುತ್ತದೆ.

ಎಲ್ಲರ ಉತ್ತರವೂ ಒಮ್ಮೆಗೇ ಕಾಣಬೇಕಾದಾಗ ಸಣ್ಣ ಹಲಗೆಗಳ ಮೇಲೆ ಬರೆಸಿ ಮೇಲೆತ್ತಿಸಿ, ಅಥವಾ ಆಯ್ಕೆಯ ಸಂಖ್ಯೆಯನ್ನು ಬೆರಳುಗಳಲ್ಲಿ ತೋರಿಸಲು ಹೇಳಿ. ಇಂಥ ಕಡೆ ಬಹು ಆಯ್ಕೆಯ ಪ್ರಶ್ನೆ ಬಹಳ ಉಪಯುಕ್ತ, ಆದರೆ ಅದರ ತಪ್ಪು ಆಯ್ಕೆಗಳನ್ನು ಸರಿಯಾದ ಆಯ್ಕೆಯಷ್ಟೇ ಶ್ರದ್ಧೆಯಿಂದ ರಚಿಸಿರಬೇಕು. ಒಂದು ಉದಾಹರಣೆ ನೋಡಿ. ‘ಪುಟ್ಟ ಬೀಜವೊಂದು ದೊಡ್ಡ ಮರವಾಗಿ ಬೆಳೆಯಿತು. ಅದರ ಒಣಗಿದ ಕಟ್ಟಿಗೆಯ ತೂಕದ ಬಹುಪಾಲು ಎಲ್ಲಿಂದ ಬಂತು?’ ಆಯ್ಕೆಗಳು: 1. ಮಣ್ಣು, 2. ಬೇರು ಹೀರಿದ ನೀರು, 3. ಗಾಳಿ, 4. ಬಿಸಿಲು. ಸರಿಯಾದ ಉತ್ತರ ಗಾಳಿ, ಅಂದರೆ ಅದರಲ್ಲಿರುವ ಇಂಗಾಲದ ಡೈಆಕ್ಸೈಡ್. ಒಂದು ಬೆರಳು ತೋರಿಸಿದ ಮಗು ಸಸ್ಯಗಳು ಮಣ್ಣನ್ನೇ ಆಹಾರವಾಗಿ ಪಡೆಯುತ್ತವೆ ಎಂದು ಭಾವಿಸಿದೆ. ಎರಡು ತೋರಿಸಿದ ಮಗುವಿನ ಯೋಚನೆ ಹದಿನೇಳನೆಯ ಶತಮಾನದ ವಿಜ್ಞಾನಿ ವಾನ್ ಹೆಲ್ಮಾಂಟ್ ಅವರದ್ದೇ. ಅವರು ಐದು ವರ್ಷ ಕುಂಡದಲ್ಲಿ ಗಿಡ ಬೆಳೆಸಿ, ಮಣ್ಣಿನ ತೂಕ ಬಹುತೇಕ ಹಾಗೆಯೇ ಉಳಿದುದನ್ನು ಕಂಡು, ಮರವೆಲ್ಲ ನೀರಿನಿಂದಲೇ ಆಯಿತೆಂದು ತೀರ್ಮಾನಿಸಿದ್ದರು. ನಾಲ್ಕು ತೋರಿಸಿದ ಮಗು ಶಕ್ತಿಯನ್ನೂ ದ್ರವ್ಯವನ್ನೂ ಒಂದೇ ಎಂದು ಗ್ರಹಿಸಿದೆ. ಅರ್ಧ ನಿಮಿಷದಲ್ಲಿ ಇಡೀ ತರಗತಿಯ ನಾಲ್ಕು ಬಗೆಯ ಯೋಚನೆಗಳು ನಿಮ್ಮ ಕಣ್ಣಮುಂದೆ ನಿಲ್ಲುತ್ತವೆ, ಮತ್ತು ಮುಂದೆ ಏನು ಹೇಳಬೇಕೆಂಬುದನ್ನು ಆ ಬೆರಳುಗಳೇ ನಿರ್ಧರಿಸುತ್ತವೆ. ಅಂಥ ಒಂದು ಪ್ರಶ್ನೆಯನ್ನು ಹಿಂದಿನ ದಿನವೇ ಕುಳಿತು ರಚಿಸಿಕೊಳ್ಳುವುದು ಪಾಠ ಸಿದ್ಧತೆಯ ಅತ್ಯುತ್ತಮ ಭಾಗವೆಂದು ನನ್ನ ಅಭಿಪ್ರಾಯ.

ಪಾಠದ ಕೊನೆಯ ಐದು ನಿಮಿಷದಲ್ಲಿ ಪ್ರತಿಯೊಬ್ಬರಿಂದ ಒಂದು ಚೀಟಿ ಬರೆಸಿಕೊಳ್ಳುವುದೂ ಒಳ್ಳೆಯ ಕ್ರಮ. ಇಂದು ಕಲಿತ ಒಂದು ಸಂಗತಿ, ಇನ್ನೂ ಗೊಂದಲವಿರುವ ಒಂದು ಸಂಗತಿ ಎಂಬ ಎರಡೇ ಸಾಲು ಸಾಕು. ಚೀಟಿಗಳನ್ನು ತಿದ್ದಬೇಡಿ, ಅಂಕ ಕೊಡಬೇಡಿ. ಓದಿ ಅರ್ಥವಾದವರು, ಅರ್ಧ ಅರ್ಥವಾದವರು, ಆಗದವರು ಎಂದು ಮೂರು ಗುಂಪಾಗಿ ಜೋಡಿಸಿಟ್ಟರೆ ಆಯಿತು.

ಹಿಮ್ಮಾಹಿತಿ ಬರೆಯುವ ಬಗೆ

ಶಿಕ್ಷಕರ ಅತಿ ಹೆಚ್ಚು ಶ್ರಮ ವ್ಯಯವಾಗುವುದು ಪುಸ್ತಕ ತಿದ್ದುವುದರಲ್ಲಿ, ಅತಿ ಕಡಿಮೆ ಫಲ ಸಿಗುವುದೂ ಬಹುಮಟ್ಟಿಗೆ ಅಲ್ಲೇ. ರೂತ್ ಬಟ್ಲರ್ ಅವರು 1988ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಅಂಕವನ್ನು ಮಾತ್ರ, ಕೆಲವರಿಗೆ ಟಿಪ್ಪಣಿಯನ್ನು ಮಾತ್ರ, ಇನ್ನು ಕೆಲವರಿಗೆ ಎರಡನ್ನೂ ಕೊಡಲಾಯಿತು. ಟಿಪ್ಪಣಿಯನ್ನು ಮಾತ್ರ ಪಡೆದವರ ಆಸಕ್ತಿಯೂ ಸಾಧನೆಯೂ ಉಳಿದವರಿಗಿಂತ ಉತ್ತಮವಾಗಿದ್ದವು. ಎರಡನ್ನೂ ಪಡೆದವರಿಗೆ ಟಿಪ್ಪಣಿಯ ಪ್ರಯೋಜನ ದೊರೆಯಲಿಲ್ಲ. ಅಂಕ ಕಂಡ ಕೂಡಲೇ ಮಗುವಿನ ಕಣ್ಣು ಪಕ್ಕದವರ ಪುಸ್ತಕದತ್ತ ಹೊರಳುವುದನ್ನು ಕಂಡವರಿಗೆ ಈ ಫಲಿತಾಂಶ ಆಶ್ಚರ್ಯವೆನಿಸಲಾರದು. ಆದ್ದರಿಂದ ಕಲಿಕೆ ನಡೆಯುತ್ತಿರುವ ಹಂತದ ಬರವಣಿಗೆಗೆ ಅಂಕ ಕೊಡದೆ, ಟಿಪ್ಪಣಿ ಮಾತ್ರ ಬರೆಯಿರಿ.

ಟಿಪ್ಪಣಿ ಎಂಥದ್ದಿರಬೇಕು? ‘ಚೆನ್ನಾಗಿದೆ’, ‘ಇನ್ನೂ ಶ್ರಮಿಸು’ ಎಂಬ ಮಾತುಗಳಿಂದ ಮಗುವಿಗೆ ಮುಂದೇನು ಮಾಡಬೇಕೆಂಬುದು ತಿಳಿಯುವುದಿಲ್ಲ. ಪ್ರಬಂಧವೊಂದರ ಕೆಳಗೆ ಹೀಗೆ ಬರೆಯಬಹುದು: ‘ಮಳೆ ಕಡಿಮೆಯಾಗಲು ನೀನು ಮೂರು ಕಾರಣ ಕೊಟ್ಟಿದ್ದೀಯ, ಮೊದಲನೆಯದಕ್ಕೆ ಉದಾಹರಣೆಯೂ ಇದೆ. ಎರಡನೆಯ ಕಾರಣಕ್ಕೆ ಉದಾಹರಣೆ ಇಲ್ಲದ್ದರಿಂದ ಓದುವವರಿಗೆ ಅದು ನಂಬಿಕೆಯಾಗುವುದಿಲ್ಲ. ಅಲ್ಲಿ ಎರಡು ವಾಕ್ಯ ಸೇರಿಸು.’ ಆಗಿರುವುದು ಯಾವುದು, ಕೊರತೆ ಯಾವುದು, ಈಗ ಮಾಡಬೇಕಾದ ಕೆಲಸ ಯಾವುದು ಎಂಬ ಮೂರೂ ಇದರಲ್ಲಿವೆ, ಮತ್ತು ಟಿಪ್ಪಣಿ ಬರವಣಿಗೆಯನ್ನು ಕುರಿತದ್ದೇ ಹೊರತು ಮಗುವಿನ ಬುದ್ಧಿಯನ್ನು ಕುರಿತದ್ದಲ್ಲ. ಪುಸ್ತಕ ಹಿಂದಿರುಗಿಸಿದ ಅವಧಿಯಲ್ಲೇ ಹತ್ತು ನಿಮಿಷ ಬಿಟ್ಟುಕೊಟ್ಟು, ಆ ಎರಡು ವಾಕ್ಯಗಳನ್ನು ಅಲ್ಲೇ ಬರೆಸಬೇಕು. ‘ಮನೆಯಲ್ಲಿ ನೋಡಿಕೊಳ್ಳಿ’ ಎಂದು ಹೇಳಿದ ಟಿಪ್ಪಣಿಗಳನ್ನು ಬಹುತೇಕ ಯಾರೂ ನೋಡಿಕೊಳ್ಳುವುದಿಲ್ಲ. ಪ್ರತಿ ವಾರ ಎಲ್ಲರಿಗೂ ಇಷ್ಟು ಬರೆಯಲು ಸಮಯವಿಲ್ಲವೆಂಬುದು ನಿಜ; ವಾರಕ್ಕೆ ತರಗತಿಯ ಕಾಲುಭಾಗದ ಪುಸ್ತಕಗಳನ್ನು ಹೀಗೆ ಆಳವಾಗಿ ನೋಡಿ, ಉಳಿದವನ್ನು ಮೇಲುಮೇಲೆ ನೋಡಿದರೆ ತಿಂಗಳಿಗೊಮ್ಮೆಯಾದರೂ ಪ್ರತಿ ಮಗುವಿಗೂ ನಿಮ್ಮ ಪೂರ್ಣ ಗಮನ ದೊರೆಯುತ್ತದೆ.

ಸ್ವಮೌಲ್ಯಮಾಪನ ಮತ್ತು ಸಹಪಾಠಿಗಳಿಂದ ಮೌಲ್ಯಮಾಪನ ಮಾಡಿಸುವಾಗ ಅಂಕ ಹಾಕುವ ಅಧಿಕಾರವನ್ನು ಮಕ್ಕಳಿಗೆ ಕೊಡಬೇಡಿ. ಒಂದು ಉತ್ತಮ ಮಾದರಿಯನ್ನೂ ಒಂದು ಸಾಧಾರಣ ಮಾದರಿಯನ್ನೂ ಮುಂದಿಟ್ಟು, ತಮ್ಮ ಬರವಣಿಗೆ ಯಾವುದಕ್ಕೆ ಹತ್ತಿರವಿದೆ, ಏಕೆ ಎಂದು ಹೇಳಲು ಕೇಳಿ.

ಪ್ರಶ್ನೆಪತ್ರಿಕೆಯಿಂದ ಅಂಕದವರೆಗೆ

ಸಂಕಲನಾತ್ಮಕ ಪರೀಕ್ಷೆಗೆ ನೀಲನಕ್ಷೆ ಅತ್ಯಗತ್ಯ. ಒಂದು ಕಾಗದದಲ್ಲಿ ಅಡ್ಡಸಾಲುಗಳಿಗೆ ಪಾಠಗಳನ್ನೂ, ಕಂಬಸಾಲುಗಳಿಗೆ ಸ್ಮರಣೆ, ತಿಳಿವಳಿಕೆ, ಅನ್ವಯ ಮೊದಲಾದ ಉದ್ದೇಶಗಳನ್ನೂ ಬರೆದು, ಪ್ರತಿ ಮನೆಯಲ್ಲಿ ಎಷ್ಟು ಅಂಕವೆಂದು ತುಂಬಿದ ಮೇಲೆ ಪ್ರಶ್ನೆಗಳನ್ನು ಬರೆಯಲು ಕೂರಬೇಕು. ಹಾಗೆ ಮಾಡದೆ ಪಠ್ಯಪುಸ್ತಕ ತೆರೆದು ಪ್ರಶ್ನೆ ಹುಡುಕುತ್ತ ಹೋದರೆ, ಪ್ರಶ್ನೆ ಸುಲಭವಾಗಿ ಸಿಗುವ ಪಾಠಗಳಿಗೆ ಅಂಕ ಹೆಚ್ಚಾಗಿ, ಹೆಚ್ಚು ಸಮಯ ತೆಗೆದುಕೊಂಡು ಕಲಿಸಿದ ಪಾಠಕ್ಕೆ ಎರಡೇ ಅಂಕ ಉಳಿಯುವ ಅನ್ಯಾಯ ನಡೆಯುತ್ತದೆ.

ವಿವರಣಾತ್ಮಕ ಉತ್ತರಗಳಿಗೆ ಅಂಕ ಹಾಕುವಾಗ ನಮ್ಮ ಮೇಲೆ ನಮಗೇ ಸಂಶಯವಿರಬೇಕು. ಅಮೆರಿಕದಲ್ಲಿ 1912ರಲ್ಲಿ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯ ಪ್ರತಿಗಳನ್ನು ಹಲವಾರು ಶಿಕ್ಷಕರಿಗೆ ಕಳುಹಿಸಿ ಅಂಕ ಹಾಕಿಸಿದಾಗ, 100ಕ್ಕೆ 64ರಿಂದ 98ರವರೆಗೆ ಅಂಕಗಳು ಬಂದವು. ಗಣಿತದಲ್ಲಿ ಹೀಗಾಗದು ಎಂಬ ಆಕ್ಷೇಪಕ್ಕೆ ಮರುವರ್ಷ ರೇಖಾಗಣಿತದ ಪತ್ರಿಕೆಯನ್ನೂ ಕಳುಹಿಸಿ ನೋಡಿದರು. ಅಲ್ಲಿಯೂ ಅಂತರ ವಿಪರೀತವಾಗಿಯೇ ಇತ್ತು. ಈ ಅಂತರವನ್ನು ಪೂರ್ತಿ ಅಳಿಸಲಾಗದಿದ್ದರೂ ತಗ್ಗಿಸುವ ಉಪಾಯಗಳಿವೆ. ಪತ್ರಿಕೆ ತಿದ್ದುವ ಮೊದಲೇ ಆದರ್ಶ ಉತ್ತರವನ್ನೂ ಅಂಕ ಹಂಚಿಕೆಯನ್ನೂ ಬರೆದಿಟ್ಟುಕೊಳ್ಳಿ. ಹೆಸರಿರುವ ಪುಟವನ್ನು ಮಡಚಿಡಿ. ಒಬ್ಬರ ಪತ್ರಿಕೆಯನ್ನು ಪೂರ್ತಿ ತಿದ್ದಿ ಮುಂದಿನದಕ್ಕೆ ಹೋಗುವ ಬದಲು, ಎಲ್ಲರ ಮೊದಲನೆಯ ಉತ್ತರವನ್ನು ತಿದ್ದಿ, ಪತ್ರಿಕೆಗಳ ಕ್ರಮ ಬದಲಿಸಿ, ಆಮೇಲೆ ಎಲ್ಲರ ಎರಡನೆಯ ಉತ್ತರಕ್ಕೆ ಹೋಗಿ. ಹಾಗೆ ಮಾಡಿದರೆ ಮೊದಲ ಉತ್ತರ ಚೆನ್ನಾಗಿತ್ತೆಂಬ ಪ್ರಭಾವ ನಂತರದ ಉತ್ತರಗಳ ಮೇಲೆ ಬೀಳುವುದಿಲ್ಲ. ಕೊನೆಗೆ ಮೊದಲು ತಿದ್ದಿದ ಐದು ಪತ್ರಿಕೆಗಳನ್ನು ಮತ್ತೆ ತೆಗೆದು ನೋಡಿ. ಆರಂಭದಲ್ಲಿ ನಾವು ಬಿಗಿಯಾಗಿರುತ್ತೇವೆ, ಅಥವಾ ಉದಾರವಾಗಿರುತ್ತೇವೆ. ಯಾವುದಾದರೂ ಒಂದು ಆಗಿಯೇ ಇರುತ್ತೇವೆ.

ಪ್ರಬಂಧ, ಯೋಜನಾಕಾರ್ಯಗಳಿಗೆ ರೂಬ್ರಿಕ್, ಅಂದರೆ ಗುಣಮಟ್ಟವನ್ನು ಮಟ್ಟಮಟ್ಟವಾಗಿ ವಿವರಿಸುವ ಪಟ್ಟಿ, ಬೇಕು. ಅದರಲ್ಲಿ ‘ಉತ್ತಮ, ಸಾಧಾರಣ, ಕಳಪೆ’ ಎಂಬ ಶಬ್ದಗಳನ್ನಷ್ಟೇ ಬರೆದರೆ ಪ್ರಯೋಜನವಿಲ್ಲ. ಪ್ರತಿ ಮಟ್ಟದಲ್ಲಿ ಬರವಣಿಗೆ ಹೇಗಿರುತ್ತದೆ ಎಂಬ ವರ್ಣನೆ ಇರಬೇಕು. ವಾದಕ್ಕೆ ಸಂಬಂಧಿಸಿದ ಅಂಶವಾದರೆ, ಅತ್ಯುನ್ನತ ಮಟ್ಟದಲ್ಲಿ ‘ಪ್ರತಿ ಹೇಳಿಕೆಗೂ ಆಧಾರವಿದೆ, ಎದುರು ವಾದವನ್ನೂ ಪರಿಗಣಿಸಿದೆ’, ನಡುವಿನ ಮಟ್ಟದಲ್ಲಿ ‘ಕೆಲವು ಹೇಳಿಕೆಗಳಿಗೆ ಮಾತ್ರ ಆಧಾರವಿದೆ’, ಕೆಳಗಿನದರಲ್ಲಿ ‘ಹೇಳಿಕೆಗಳಿವೆ, ಆಧಾರವಿಲ್ಲ’ ಎಂದಿರಲಿ. ಇದನ್ನು ಕೆಲಸ ಕೊಡುವಾಗಲೇ ಮಕ್ಕಳ ಕೈಗೆ ಕೊಡಿ.

ಪರೀಕ್ಷೆ ಮುಗಿದ ಮೇಲೆ ಪ್ರಶ್ನೆಗಳನ್ನೂ ಮೌಲ್ಯಮಾಪನ ಮಾಡಬೇಕು. 40 ಮಕ್ಕಳಲ್ಲಿ 30 ಮಂದಿ ಸರಿಯುತ್ತರ ಬರೆದಿದ್ದರೆ ಆ ಪ್ರಶ್ನೆಯ ಸುಲಭತೆಯ ಸೂಚ್ಯಂಕ 0.75. ಒಟ್ಟು ಅಂಕದಲ್ಲಿ ಮೇಲಿನ 11 ಮಂದಿಯನ್ನೂ ಕೆಳಗಿನ 11 ಮಂದಿಯನ್ನೂ ಬೇರ್ಪಡಿಸಿ ನೋಡಿದಾಗ ಮೇಲಿನವರಲ್ಲಿ 9, ಕೆಳಗಿನವರಲ್ಲಿ 3 ಮಂದಿ ಸರಿ ಬರೆದಿದ್ದರೆ, ವ್ಯತ್ಯಾಸವಾದ 6ನ್ನು 11ರಿಂದ ಭಾಗಿಸಿದಾಗ ಬರುವ ಸುಮಾರು 0.55 ಅದರ ಭೇದಸೂಚಕ ಮೌಲ್ಯ, ಅಂದರೆ ಚೆನ್ನಾಗಿ ಕಲಿತವರನ್ನೂ ಕಲಿಯದವರನ್ನೂ ಪ್ರಶ್ನೆ ಎಷ್ಟು ಬೇರ್ಪಡಿಸುತ್ತದೆ ಎಂಬುದರ ಅಳತೆ. ಪ್ರಶ್ನೆ ಚೆನ್ನಾಗಿ ಕೆಲಸ ಮಾಡಿದೆ ಎಂದರ್ಥ. ಈ ಮೌಲ್ಯ ಸೊನ್ನೆಗಿಂತ ಕೆಳಗಿಳಿದು, ಚೆನ್ನಾಗಿ ಕಲಿತವರೇ ಹೆಚ್ಚಾಗಿ ತಪ್ಪು ಬರೆದಿದ್ದರೆ, ಕೀಲಿ ಉತ್ತರ ತಪ್ಪಾಗಿದೆಯೇ, ಪ್ರಶ್ನೆಗೆ ಎರಡು ಅರ್ಥ ಬರುತ್ತದೆಯೇ ಎಂದು ಮೊದಲು ಪರಿಶೀಲಿಸಿ, ಅಂಥ ಪ್ರಶ್ನೆಯ ಅಂಕವನ್ನು ಮಕ್ಕಳಿಗೆ ನ್ಯಾಯವಾಗುವಂತೆ ಹೊಂದಿಸಬೇಕು.

ಸರಾಸರಿಯ ಬಗ್ಗೆಯೂ ಒಂದು ಮಾತು. ನಾಲ್ಕು ಕಿರುಪರೀಕ್ಷೆಗಳಲ್ಲಿ ಒಬ್ಬಳು 10ಕ್ಕೆ 3, 5, 8, 9 ಪಡೆದಿದ್ದಾಳೆ. ಇನ್ನೊಬ್ಬ 9, 8, 5, 3 ಪಡೆದಿದ್ದಾನೆ. ಇಬ್ಬರ ಸರಾಸರಿಯೂ 6.25. ಒಬ್ಬಳು ಕಲಿತು ಮೇಲೆ ಬಂದಿದ್ದಾಳೆ, ಇನ್ನೊಬ್ಬನಿಗೆ ಎಲ್ಲೋ ಏನೋ ತೊಡಕಾಗಿದೆ, ಆದರೆ ವರದಿಯಲ್ಲಿ ಇಬ್ಬರೂ ಸಮಾನರು. ನಾಲ್ಕೂ ಅಂಕಗಳು ಒಂದೇ ಕಲಿಕಾ ಫಲಕ್ಕೆ ಸಂಬಂಧಿಸಿದ್ದರೆ ಇತ್ತೀಚಿನ ಸಾಧನೆಗೆ ಹೆಚ್ಚಿನ ತೂಕ ಕೊಡುವುದೇ ನ್ಯಾಯ. ತಡವಾಗಿ ಒಪ್ಪಿಸಿದ್ದಕ್ಕೆ, ಅಕ್ಷರ ದುಂಡಾಗಿಲ್ಲದ್ದಕ್ಕೆ, ತರಗತಿಯಲ್ಲಿ ಮಾತನಾಡಿದ್ದಕ್ಕೆ ವಿಷಯದ ಅಂಕವನ್ನು ಕಡಿತ ಮಾಡಲೇಬಾರದು. ನಡವಳಿಕೆಯನ್ನು ಬೇರೆಯಾಗಿ ದಾಖಲಿಸಿ. ಆ ದಾಖಲೆಯಲ್ಲೂ ‘ಸೋಮಾರಿ’ ಎಂದು ಬರೆಯಬೇಡಿ; ‘ಈ ವಾರ ಎರಡು ಬಾರಿ ಕೆಲಸವನ್ನು ಅರ್ಧಕ್ಕೆ ಬಿಟ್ಟಳು’ ಎಂದು ಕಂಡದ್ದನ್ನು ಕಂಡಂತೆ ದಿನಾಂಕದೊಂದಿಗೆ ಬರೆಯಿರಿ.

ಫಲಿತಾಂಶ ಬಂದ ಮರುದಿನ

ಪರೀಕ್ಷೆ ಕಲಿಕೆಯನ್ನು ಅಳೆಯುವುದು ಮಾತ್ರವಲ್ಲ, ಅದನ್ನು ಗಟ್ಟಿಗೊಳಿಸುತ್ತದೆ ಕೂಡ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪಠ್ಯವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಹೆಚ್ಚು ನೆನಪಿಟ್ಟುಕೊಂಡಿದ್ದರು. ಒಂದು ವಾರದ ನಂತರ ನೋಡಿದಾಗ, ಓದಿದ್ದನ್ನು ಪುಸ್ತಕ ನೋಡದೆ ನೆನಪಿನಿಂದ ಬರೆದವರೇ ಮುಂದಿದ್ದರು. ಹಾಗಾಗಿ ಪ್ರತಿ ವಾರದ ಆರಂಭದಲ್ಲಿ ಹಿಂದಿನ ವಾರದ, ಹಿಂದಿನ ತಿಂಗಳ ಮೂರು ನಾಲ್ಕು ಪ್ರಶ್ನೆಗಳನ್ನು ಅಂಕದ ಭಯವಿಲ್ಲದೆ ಕೇಳುವ ಪದ್ಧತಿಯಿಟ್ಟುಕೊಳ್ಳಿ. ಅಂಕ ಎಣಿಸದ ಪರೀಕ್ಷೆಯಲ್ಲಿ ಮಕ್ಕಳು ತಿಳಿಯದ್ದನ್ನು ಮುಚ್ಚಿಡುವುದಿಲ್ಲ.

ವ್ಯವಕಲನದ ಮೂವರು ಮಕ್ಕಳನ್ನೇ ತೆಗೆದುಕೊಂಡರೆ, ಮರುದಿನದ ಅವಧಿಯ ಇಪ್ಪತ್ತು ನಿಮಿಷವನ್ನು ಹೀಗೆ ಹಂಚಬಹುದು: 375ರ ಬಗೆಯ ತಪ್ಪು ಮಾಡಿದವರು ಕಡ್ಡಿಗಳೊಂದಿಗೆ ನಿಮ್ಮ ಬಳಿ ಕುಳಿತುಕೊಳ್ಳಲಿ, 325ರ ಬಗೆಯವರು ಒಂದು ನೂರನ್ನು ಬಿಡಿಸಿ ಒಂಬತ್ತು ದಶಕ ಮತ್ತು ಹತ್ತು ಬಿಡಿ ಮಾಡುವುದನ್ನು ಚಿತ್ರದಲ್ಲಿ ಬರೆದು ತೋರಿಸಲಿ, ಉಳಿದವರು ತಮ್ಮ ಉತ್ತರಕ್ಕೆ 178ನ್ನು ಕೂಡಿಸಿ 403 ಬರುತ್ತದೆಯೇ ಎಂದು ತಾಳೆ ನೋಡಿ, ಅಂಥದ್ದೇ ಹೊಸ ಲೆಕ್ಕಗಳನ್ನು ತಾವೇ ರಚಿಸಲಿ. ಒಂದು ವಾರ ಬಿಟ್ಟು ಎಲ್ಲರಿಗೂ 504ರಿಂದ 268 ಕಳೆಯುವ ಲೆಕ್ಕ ಕೊಡಿ. 364 ಬರೆದವರಲ್ಲಿ ಹಳೆಯ ಮೊದಲ ತಪ್ಪು ಇನ್ನೂ ಉಳಿದಿದೆ. 336 ಬರೆದವರಲ್ಲಿ ಎರಡನೆಯದು. 236 ಬರೆದವರನ್ನು ಒಬ್ಬೊಬ್ಬರಾಗಿ ಕರೆದು, ಆ ಸೊನ್ನೆಯ ಜಾಗಕ್ಕೆ 9 ಹೇಗೆ ಬಂತು ಎಂದು ಕೇಳಿ, ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.